ಅಶೋಕ: ಮರವನ್ನರಿತು ಮದ್ದು ಮಾಡೋಣ

ಮಾಘ ಕಳೆದು ಫಾಲ್ಗುಣ ಕಾಲಿರಿಸುವಾಗ ಅಶೋಕ ವೃಕ್ಷವು ಕೊಂಬೆಗಳ ಮೇಲೂ ಕಾಂಡದ ಮೇಲೂ ಕಿತ್ತಳೆ ಬಣ್ಣದ ಹೂಗೊಂಚಲುಗಳನ್ನು ತಳೆಯುತ್ತದೆ. ದಿನಗಳೆದಂತೆ ಅವು ಕೆಂಪೇರುತ್ತವೆ. ಶೋಕವಿಲ್ಲದುದು ಎಂಬುದೇ ಹೆಸರಿನ ಅರ್ಥ. ಸ್ತ್ರೀಯರ ಆರೋಗ್ಯಕ್ಕೂ ಈ ಮರಕ್ಕೂ ಇರುವ ನಂಟು ಬಹು ಹಳೆಯದು.

ಇದರ ತೊಗಟೆಯು ಒಗರು ಹಾಗೂ ಕಹಿ ರಸವುಳ್ಳದ್ದು, ಶೀತವೀರ್ಯವುಳ್ಳದ್ದು ಎಂದು ಆಯುರ್ವೇದವು ಹೇಳುತ್ತದೆ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವ ರಕ್ತಪ್ರದರಕ್ಕೆ ವೈದ್ಯರು ತೊಗಟೆಯನ್ನು ಹಾಲು ನೀರಿನಲ್ಲಿ ಕುದಿಸಿ, ನೀರು ಇಂಗಿದ ಬಳಿಕ ಸೋಸಿ, ಕ್ಷೀರಪಾಕವಾಗಿ ಕೊಡುತ್ತಾರೆ. ‘ಭೈಷಜ್ಯ ರತ್ನಾವಳಿ’ಯಲ್ಲಿ ಹೇಳಿರುವ ಅಶೋಕಾರಿಷ್ಟವೂ ಈ ತೊಗಟೆಯಿಂದಲೇ ಸಿದ್ಧವಾಗುತ್ತದೆ. ಹೂವನ್ನು ರಕ್ತಭೇದಿಯಲ್ಲಿ ಬಳಸುವ ರೂಢಿಯಿದೆ.

ಆದರೆ ನಾವು ಅಶೋಕವೆಂದು ಕರೆಯುವ ಮರಗಳೆಲ್ಲವೂ ಅಶೋಕವಲ್ಲ. ಶಾಲೆ, ಕಚೇರಿಗಳ ಆವರಣದಲ್ಲಿ ಕಂಬದಂತೆ ನೆಟ್ಟಗೆ ಬೆಳೆದು, ಅಲೆಯಂಚಿನ ಉದ್ದನೆಯ ಎಲೆಗಳನ್ನು ಇಳಿಬಿಟ್ಟಿರುವ ಮರ ಬೇರೆಯೇ ಜಾತಿಯದು. ಅದರ ಹೂ ಹಸಿರು ಛಾಯೆಯದು. ನಿಜವಾದ ಅಶೋಕದಲ್ಲಿ ಒಂದೇ ಕಡ್ಡಿಗೆ ಹಲವು ಜೋಡಿ ಎಲೆಗಳಿರುತ್ತವೆ. ಎಳೆಯ ಚಿಗುರು ತಾಮ್ರವರ್ಣದ್ದಾಗಿ ಜೋತುಬಿದ್ದಿರುತ್ತದೆ. ಅಂಗಡಿಯ ತೊಗಟೆಯಲ್ಲೂ ಈ ಬೆರಕೆ ಉಂಟು. ಆದುದರಿಂದ ಅರಿತ ವೈದ್ಯರಿಂದಲೇ ಔಷಧವನ್ನು ಪಡೆಯುವುದು ಕ್ಷೇಮ.

ಇನ್ನೊಂದು ಮಾತನ್ನು ತಾಯಂದಿರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ಅತಿಯಾದ ಸ್ರಾವವು ಸ್ವತಃ ರೋಗವಲ್ಲ, ಅದು ರೋಗದ ಲಕ್ಷಣ. ಗರ್ಭಕೋಶದ ಗಡ್ಡೆ, ಥೈರಾಯ್ಡ್ ದೋಷ, ಕೆಲವೊಮ್ಮೆ ಕ್ಯಾನ್ಸರ್ ಕೂಡ ಅದರ ಹಿಂದಿರಬಹುದು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಮೊದಲು ತಪಾಸಣೆಯಾಗಬೇಕು, ಕಷಾಯ ಅನಂತರ. ಆಯಾಸ, ಏದುಸಿರು ಇದ್ದವರು ರಕ್ತಹೀನತೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗರ್ಭಿಣಿಯರು ಇದನ್ನು ತಾವಾಗಿಯೇ ಸೇವಿಸಬಾರದು. ಅರಿಷ್ಟದಲ್ಲಿ ಬೆಲ್ಲವಿರುವುದರಿಂದ ಮಧುಮೇಹಿಗಳು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಸಂಕೋಚದಿಂದ ತಿಂಗಳುಗಟ್ಟಲೆ ನೋವು ನುಂಗುವ ಸೋದರಿಯರು ನಮ್ಮ ನಡುವೆ ಇದ್ದಾರೆ. ಮುಟ್ಟಿಗೆ ಸೂತಕವಿಲ್ಲವೆಂದು ಸಾರಿದ ಶರಣರ ಮಕ್ಕಳಾದ ನಮಗೆ ಈ ಸಂಕೋಚ ಸಲ್ಲದು. ಮನೆಯ ಗಂಡಸರೂ ವಿಚಾರಿಸಿ ಆಸ್ಪತ್ರೆಗೆ ಕರೆದೊಯ್ಯಲಿ.

ತೊಗಟೆಗಾಗಿ ಸುಲಿಸಿಕೊಂಡು ಸೊರಗಿದ ಈ ಮರವಿಂದು ಅಪಾಯದಂಚಿನ ಸಸ್ಯಗಳ ಸಾಲಿಗೆ ಸೇರಿದೆ. ಕಾಂಡವನ್ನು ಸುತ್ತಲೂ ಸುಲಿದರೆ ಮರ ಉಳಿಯದು. ತೇವವೂ ಅರೆನೆರಳೂ ಇರುವ ಹಿತ್ತಿಲಿನಲ್ಲಿ ಸದ್ಭಕ್ತರು ಒಂದೊಂದು ಅಶೋಕದ ಸಸಿಯನ್ನು ನೆಟ್ಟು ಸಲಹಲೆಂದು ಹಾರೈಸುತ್ತೇವೆ.