ತರ್ಕದ ವ್ಯಾಪ್ತಿ ಮತ್ತು ಸಂಭಾವ್ಯ ವಿಶ್ವಗಳು

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನಿರ್ಣಯಿಸುವುದು ನ್ಯಾಯಶಾಸ್ತ್ರದ ಚಿರಪರಿಚಿತ ದೃಷ್ಟಾಂತ. ಈ ಅನುಮಾನಕ್ಕೆ ಎರಡು ಆಧಾರಗಳುಂಟು. ಹೊಗೆಯಿರುವೆಡೆಯಲ್ಲೆಲ್ಲ ಬೆಂಕಿಯುಂಟೆಂಬ ವ್ಯಾಪ್ತಿಜ್ಞಾನವು ಒಂದು. ವ್ಯಾಪ್ತಿಯೂ ನಿಜ, ಬೆಟ್ಟದಲ್ಲಿ ಹೊಗೆಯಿರುವುದೂ ನಿಜವೆಂದಾದ ಮೇಲೆ ಬೆಂಕಿಯನ್ನು ಅಲ್ಲಗಳೆಯಲಾಗದೆಂಬ ನಿಯಮವು ಇನ್ನೊಂದು. ಮೊದಲನೆಯದು ಲೋಕವನ್ನು ನೋಡಿ ಕಲಿತದ್ದು. ಬೆಂಕಿಯಿಲ್ಲದೆ ಹೊಗೆ ಹುಟ್ಟುವ ವಿಶ್ವವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಎರಡನೆಯದೇ ಸುಳ್ಳಾಗುವ ವಿಶ್ವವೂ ಇದ್ದೀತೆ? ಇದೇ ಇಲ್ಲಿಯ ವಿಚಾರ.

ಜರ್ಮನಿಯ ತತ್ತ್ವಜ್ಞ ಲೈಬ್‌ನಿಟ್ಸ್ 1714ರಲ್ಲಿ ರಚಿಸಿದ ‘ಮೊನಡಾಲಜಿ’ಯಲ್ಲಿ ಸತ್ಯವನ್ನು ಎರಡಾಗಿ ವಿಂಗಡಿಸಿದನು. ವಸ್ತುಸ್ಥಿತಿಯ ಸತ್ಯಕ್ಕೆ ವಿರುದ್ಧವಾದುದು ಸಂಭವನೀಯ; ಬುದ್ಧಿಯ ಸತ್ಯಕ್ಕೆ ವಿರುದ್ಧವಾದುದು ಅಸಂಭವ. ಅವನ ಮತದಂತೆ ಸಂಭಾವ್ಯ ವಿಶ್ವಗಳು ಅನಂತ. ಆದರೆ ಸ್ವವಿರೋಧವುಳ್ಳ ವಿಶ್ವವು ಅವುಗಳ ಸಾಲಿಗೆ ಸೇರದು.

ಇದಕ್ಕೆ ಪೂರ್ವಪಕ್ಷವೂ ಪ್ರಬಲವಾಗಿಯೇ ಇದೆ. ಯೂಕ್ಲಿಡನ ರೇಖಾಗಣಿತವನ್ನು ಎರಡು ಸಾವಿರ ವರ್ಷಗಳ ಕಾಲ ಅಚಲ ಸತ್ಯವೆಂದೇ ನಂಬಲಾಗಿತ್ತು. 1829ರಲ್ಲಿ ಲೋಬಚೆವ್‌ಸ್ಕಿ, 1832ರಲ್ಲಿ ಬೊಲ್ಯಾಯಿ ಬೇರೊಂದು ರೇಖಾಗಣಿತವನ್ನು ಪ್ರಕಟಿಸಿದರು. 1915ರಲ್ಲಿ ಐನ್‌ಸ್ಟೈನರು ದೇಶಕಾಲವೇ ಬಾಗಿದೆಯೆಂದು ನಿರೂಪಿಸಿದರು. ರೇಖಾಗಣಿತಕ್ಕೆ ಒದಗಿದ ಗತಿ ತರ್ಕಕ್ಕೇಕೆ ಒದಗಬಾರದು? 1936ರಲ್ಲಿ ಬರ್ಕಾಫ್ ಮತ್ತು ಫಾನ್ ನಾಯ್ಮನ್ ಪರಮಾಣುಲೋಕಕ್ಕೆ ಹೊಂದುವ ಬೇರೊಂದು ತರ್ಕವನ್ನೇ ಸೂಚಿಸಿದರು. ಬಾಲಕನು ಶಾಲೆಯಲ್ಲಿದ್ದಾನೆ, ಓದುತ್ತಲೋ ಬರೆಯುತ್ತಲೋ ಇದ್ದಾನೆ ಎಂದರೆ, ಶಾಲೆಯಲ್ಲಿ ಓದುತ್ತಿದ್ದಾನೆ ಇಲ್ಲವೆ ಶಾಲೆಯಲ್ಲಿ ಬರೆಯುತ್ತಿದ್ದಾನೆ ಎಂದು ಬಿಡಿಸಿ ಹೇಳಬಹುದು. ಎಲೆಕ್ಟ್ರಾನಿನ ಸ್ಥಾನ ಮತ್ತು ಸಂವೇಗಗಳ ವಿಷಯದಲ್ಲಿ ಹೀಗೆ ಬಿಡಿಸಿ ಹೇಳುವ ವಿತರಣ ನಿಯಮ ಸಲ್ಲದೆಂಬುದು ಅವರ ಪಕ್ಷ. 1968ರಲ್ಲಿ ಹಿಲರಿ ಪಟ್ನಮ್ ತರ್ಕವೂ ಅನುಭವದಿಂದ ತಿದ್ದುಪಡಿಗೆ ಒಳಗಾಗಬಲ್ಲದೆಂದು ವಾದಿಸಿದರು.

ಆದರೆ ಇಲ್ಲಿ ಒಂದು ವಿವೇಕ ಅವಶ್ಯ. ಆ ಹೊಸ ತರ್ಕವು ಕೈಬಿಟ್ಟದ್ದು ವಿತರಣ ನಿಯಮವನ್ನು. ಒಂದು ವಚನವನ್ನೂ ಅದರ ನಿಷೇಧವನ್ನೂ ಒಟ್ಟಿಗೆ ಒಪ್ಪಲು ಅದು ಅವಕಾಶವೀಯುವುದಿಲ್ಲ. ಜೈನರ ಸ್ಯಾದ್ವಾದವೂ ‘ಇದೆ’, ‘ಇಲ್ಲ’ ಎಂಬೆರಡನ್ನೂ ಭಿನ್ನ ಅಪೇಕ್ಷೆಗಳಿಂದ ಹೇಳುತ್ತದೆಯೇ ಹೊರತು ಒಂದೇ ಅಪೇಕ್ಷೆಯಿಂದಲ್ಲ. 1987ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಗ್ರಹಾಂ ಪ್ರೀಸ್ಟ್ ಮುಂದೆ ಹೋಗಿ, ‘ಈ ವಾಕ್ಯ ಸುಳ್ಳು’ ಎಂಬಂಥ ಕೆಲವು ವಿರೋಧಗಳು ನಿಜವೇ ಎಂದರು. ಆದರೂ ಎಲ್ಲ ವಿರೋಧಗಳೂ ನಿಜವೆಂದು ಅವರು ಹೇಳಲಿಲ್ಲ. ಒಂದು ವಿರೋಧದಿಂದ ಸಕಲವೂ ಸಿದ್ಧಿಸುತ್ತದೆಂಬ ನಿಯಮವನ್ನೇ ಅವರು ತ್ಯಜಿಸಿದರು.

ಹಾಗಾದರೆ ಉಳಿಯುವುದೇನು? ಅವಿರೋಧ ನಿಯಮವನ್ನು ನೇರವಾಗಿ ಸಾಧಿಸಲಾಗದೆಂದು ಅರಿಸ್ಟಾಟಲನೇ ತನ್ನ ‘ಮೆಟಫಿಸಿಕ್ಸ್’ ಗ್ರಂಥದ ನಾಲ್ಕನೆಯ ಪುಸ್ತಕದಲ್ಲಿ ಒಪ್ಪಿದ್ದಾನೆ. ತರ್ಕದಿಂದಲೇ ತರ್ಕವನ್ನು ಸ್ಥಾಪಿಸಹೊರಟರೆ ಆತ್ಮಾಶ್ರಯ ದೋಷ ತಪ್ಪದು. ಆದರೆ ಅದನ್ನು ನಿರಾಕರಿಸುವವನು ಒಂದು ಮಾತನ್ನಾದರೂ ಅರ್ಥವಿಟ್ಟು ಆಡಬೇಕಷ್ಟೆ? ಆಡಿದೊಡನೆ ಆತ ಇದನ್ನು ಹೇಳಿ ಅದನ್ನು ಬಿಟ್ಟಂತಾಯಿತು. ನಮ್ಮಲ್ಲಿ ಉದಯನಾಚಾರ್ಯರೂ ಸಂಶಯಕ್ಕೆ ವ್ಯಾಘಾತವೇ ಎಲ್ಲೆಯೆಂದು ಸಾರಿದ್ದಾರೆ. ಸಂಶಯಿಸುವವನ ನಡೆಯೇ ಅವನ ಸಂಶಯವನ್ನು ಅಲ್ಲಗಳೆಯುವೆಡೆಯಲ್ಲಿ ಸಂಶಯ ನಿಲ್ಲಬೇಕು.

ಆದುದರಿಂದ ತರ್ಕದ ನಿಯಮಗಳೆಲ್ಲವೂ ಸಮಾನ ಬಲವುಳ್ಳವಲ್ಲ. ಕೆಲವನ್ನು ವಿಶ್ವದ ಸ್ವರೂಪವು ಪ್ರಶ್ನಿಸೀತು. ಆದರೆ ಏನನ್ನಾದರೂ ಹೇಳುವುದೆಂದರೆ ಮತ್ತೇನನ್ನೋ ನಿಷೇಧಿಸುವುದೆಂಬ ಕನಿಷ್ಠ ಮರ್ಯಾದೆಯನ್ನು ಮೀರಿದ ವಿಶ್ವವನ್ನು ವರ್ಣಿಸಲು ಹೊರಟವನಿಗೆ ಮಾತೇ ಉಳಿಯದು. ಅಂಥ ವಿಶ್ವ ‘ಇದೆ’ ಎಂದರೂ ‘ಇಲ್ಲ’ ಎಂದರೂ ಅಲ್ಲಿ ಒಂದೇ ಆದೀತು.

ತರಗತಿಯಲ್ಲಿ ವಿದ್ಯಾರ್ಥಿಯು ‘ಹೀಗೇಕೆ ಇರಲೇಬೇಕು?’ ಎಂದಾಗ ಅದನ್ನು ಉದ್ಧಟತನವೆಂದು ಗದರುವುದು ತರವಲ್ಲ. ಇದು ಹೊಗೆ ಬೆಂಕಿಗಳ ನಂಟಿನಂತೆ ಕಂಡು ಕಲಿತದ್ದೋ, ಮಾತಿಗೇ ಆಧಾರವಾದದ್ದೋ ಎಂಬ ಭೇದವನ್ನು ತೋರಿಸಿಕೊಡುವುದೇ ಸರಿಯಾದ ಉತ್ತರ. ಮೊದಲನೆಯದನ್ನು ಪರೀಕ್ಷಿಸುವ ಧೈರ್ಯ, ಎರಡನೆಯದನ್ನು ಕಾಯುವ ನಿಷ್ಠೆ ಇವೆರಡೂ ಕೂಡಿದರೆ ವಿದ್ಯೆ ಸಾರ್ಥಕ.