ಹಳೆಯ ಸಣ್ಣ ಕಾರನ್ನು ತಗ್ಗಿಸುವ ಬಿಡಿಭಾಗಗಳು: ಆಯ್ಕೆ, ಕಾಯಿದೆ ಮತ್ತು ತೆರಿಗೆ

ಮಾರುತಿ 800 ಕಾರಿನ ಉತ್ಪಾದನೆ 2014ರ ಜನವರಿಯಲ್ಲಿ ನಿಂತಿತು. ಮೂಲ ಝೆನ್ ಕಾರು ಅದಕ್ಕೂ ಮೊದಲು, 2006ರಲ್ಲಿಯೇ ನಿಂತಿತ್ತು. ಆದರೂ ಈ ಕಾರುಗಳು ರಸ್ತೆಯ ಮೇಲಿವೆ; ಅವುಗಳ ಬಿಡಿಭಾಗಗಳ ವ್ಯಾಪಾರವೂ ನಡೆದಿದೆ. ಈ ವ್ಯಾಪಾರದ ಒಂದು ಪಾಲು ದುರಸ್ತಿಗಾಗಿ ಅಲ್ಲ, ಕಾರನ್ನು ಒಂದೆರಡು ಅಂಗುಲ ನೆಲಕ್ಕೆ ಹತ್ತಿರ ತರಬೇಕೆಂಬ ಹವ್ಯಾಸಕ್ಕಾಗಿ. ಬಿಡಿಭಾಗ ಮಾರುವವರು, ಗ್ಯಾರೇಜು ನಡೆಸುವವರು ಹಾಗೂ ಸ್ಪ್ರಿಂಗ್ ತಯಾರಿಸುವ ಸಣ್ಣ ಉದ್ಯಮಿಗಳು ಇದರಲ್ಲಿ ಲಾಭದೊಡನೆ ಹೊಣೆಯನ್ನೂ ಹೊರುತ್ತಾರೆ ಎಂಬುದನ್ನು ಗಮನಿಸುವುದು ಅವಶ್ಯ.

ಮೊದಲು ಮಾಡಬೇಕಾದುದು ಅಳತೆ. ಹದಿನೈದು ಇಪ್ಪತ್ತು ವರ್ಷ ಓಡಿದ ಕಾರಿನ ಸ್ಪ್ರಿಂಗ್ ತಾನಾಗಿಯೇ ಕುಸಿದಿರುತ್ತದೆ, ಬುಶ್‌ಗಳು ಸವೆದಿರುತ್ತವೆ. ತಗ್ಗಿಸುವ ಸ್ಪ್ರಿಂಗ್ ತಯಾರಕರು ನಮೂದಿಸುವ ಇಳಿಕೆ ಹೊಸ ಕಾರಿನ ಎತ್ತರದಿಂದ ಎಣಿಸಿದ್ದು. ಈಗಾಗಲೇ 20 ಮಿ.ಮೀ. ಕುಸಿದ ಕಾರಿಗೆ 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿದರೆ ಕಣ್ಣಿಗೆ ಕಾಣುವ ಇಳಿಕೆ ಕೇವಲ 10 ಮಿ.ಮೀ. ಗಿರಾಕಿಗೆ ಅಸಮಾಧಾನವಾಗುತ್ತದೆ, "ಇನ್ನೊಂದು ಸುತ್ತು ಕತ್ತರಿಸಿ ಕೊಡಿ" ಎಂಬ ಬೇಡಿಕೆ ಬರುತ್ತದೆ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಅಂತರವನ್ನು ಕೆಲಸಕ್ಕೆ ಮೊದಲೇ ನಾಲ್ಕೂ ಕಡೆ ಅಳೆದು ಬರೆದಿಟ್ಟರೆ ಈ ವಿವಾದವೇ ಹುಟ್ಟದು.

ಸ್ಪ್ರಿಂಗ್ ಕತ್ತರಿಸುವ ಪದ್ಧತಿ ಅಗ್ಗವೆಂದು ತೋರುವುದು ಸಹಜ. ಆದರೆ ಸ್ಪ್ರಿಂಗಿನ ಬಿಗುವು ಅದರಲ್ಲಿ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಆರು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಬಿಗುವು ಶೇ. 20ರಷ್ಟು ಏರುತ್ತದೆ. ಹಳೆಯ ಶಾಕ್ ಅಬ್ಸಾರ್ಬರ್ ಆ ಬಿಗುವಿಗೆ ಹೊಂದಿಸಿದ್ದಲ್ಲ. ಕತ್ತರಿಸಿದ ತುದಿ ತನ್ನ ಕುಳಿಯಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಚಕ್ರ ಗುಂಡಿಯಲ್ಲಿ ಜೋತಾಗ ಸ್ಪ್ರಿಂಗ್ ಸಡಿಲಾಗಿ ಜಾಗ ಬಿಡಬಹುದು. ಗ್ಯಾಸ್ ಟಾರ್ಚಿನಿಂದ ಕಾಯಿಸಿ ಕುಸಿಯುವಂತೆ ಮಾಡುವುದು ಇನ್ನೂ ಕೆಟ್ಟದ್ದು, ಏಕೆಂದರೆ ಉಕ್ಕಿನ ಹದವೇ ಕೆಡುತ್ತದೆ.

ಆದ್ದರಿಂದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನು ಜೋಡಿಯಾಗಿಯೇ ಆರಿಸಬೇಕು. ಇಳಿಕೆ ಅತ್ಯಲ್ಪವಾಗಿದ್ದರೆ ಸುಸ್ಥಿತಿಯಲ್ಲಿರುವ ಮೂಲ ಅಳತೆಯ ಶಾಕ್ ಅಬ್ಸಾರ್ಬರ್ ಸಾಮಾನ್ಯವಾಗಿ ಸಾಕು. ಅದನ್ನು ಮೀರಿದರೆ ಗಿಡ್ಡ ಒಡಲಿನದೇ ಬೇಕು. ಇಲ್ಲವಾದಲ್ಲಿ ಅದರ ದಂಡ ಸದಾ ಬಂಪ್ ಸ್ಟಾಪಿಗೆ ಬಡಿಯುತ್ತ ಬೇಗ ಹಾಳಾಗುತ್ತದೆ. ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ ಸೆಟ್ಟುಗಳು ದುಬಾರಿ. ನಮ್ಮ ಧೂಳು, ಕೆಸರುಗಳಿಂದ ಅವುಗಳ ಎಳೆಗಳು ಹಿಡಿದುಕೊಳ್ಳುವ ಸಂಭವವೂ ಉಂಟು. ಯಾವುದನ್ನೇ ಹಾಕಿದರೂ ವೀಲ್ ಅಲೈನ್‌ಮೆಂಟ್ ತಪ್ಪದೆ ಮಾಡಿಸಬೇಕು, ಇಲ್ಲದಿದ್ದರೆ ಟೈರಿನ ಒಂದು ಅಂಚು ಸವೆಯುತ್ತದೆ.

ರಸ್ತೆಯ ಮಾತು ಬೇರೆಯೇ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸೂಚಿಸುವ ವೇಗತಡೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲದ ಮೆಲ್ಲನೆಯ ಉಬ್ಬು. ಸ್ವಲ್ಪ ತಗ್ಗಿಸಿದ ಕಾರೂ ಅದನ್ನು ದಾಟೀತು. ಬಡಾವಣೆಗಳಲ್ಲಿ ಅಳತೆಯಿಲ್ಲದೆ ಎಬ್ಬಿಸಿದ ಕಿರಿದಾದ ಉಬ್ಬುಗಳು ಹಾಗಲ್ಲ. ಎರೆಮಣ್ಣಿನ ನೆಲ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಈ ಭಾಗದ ರಸ್ತೆಗಳು ಸಮನಾಗಿ ಉಳಿಯುವುದು ಕಷ್ಟ. ನಾಲ್ವರು ಕುಳಿತ ಮೇಲೆ ಸಣ್ಣ ಕಾರಿನ ಹಿಂಭಾಗ ಮತ್ತಷ್ಟು ಇಳಿಯುತ್ತದೆಂಬುದನ್ನು ಗಿರಾಕಿಗೆ ತಿಳಿಸಿಯೇ ಮಾರುವುದು ಒಳಿತು.

ಇನ್ನು ಕಾಯಿದೆ. ಮೋಟಾರು ವಾಹನ ಕಾಯಿದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿ ಕಾಯಿದೆ ಸೇರಿಸಿದ 182ಎ ಕಲಮು, ಅನುಮತಿಯಿಲ್ಲದ ಬದಲಾವಣೆ ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಬದಲಾವಣೆಗೆ ₹5,000 ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ನೋಂದಣಿ ಪತ್ರದಲ್ಲಿ ಸ್ಪ್ರಿಂಗಿನ ಉಲ್ಲೇಖವೇ ಇಲ್ಲವೆಂಬ ವಾದ ಕೇಳಿಬರುತ್ತದೆ. ಆ ವಾದವನ್ನು ನಂಬಿ ಸರಕು ತುಂಬಿಕೊಳ್ಳುವುದು ಜಾಣತನವೆನಿಸದು. ಹದಿನೈದು ವರ್ಷ ದಾಟಿದ ಕಾರು ನೋಂದಣಿ ನವೀಕರಣಕ್ಕೆ ತಪಾಸಣೆಗೆ ಹೋಗಲೇಬೇಕು.

ಮಾರಾಟಗಾರರಿಗೆ ನೇರವಾಗಿ ತಟ್ಟುವುದು ಗ್ರಾಹಕ ಸಂರಕ್ಷಣಾ ಕಾಯಿದೆ 2019. ಅದರ 86ನೇ ಕಲಮಿನಂತೆ ಸರಕನ್ನು ಮಾರ್ಪಡಿಸಿ ಮಾರಿದವರು, ಆ ಮಾರ್ಪಾಡಿನಿಂದಲೇ ಪ್ರಮುಖವಾಗಿ ಹಾನಿಯಾದರೆ, ತಾವು ತಯಾರಕರಲ್ಲದಿದ್ದರೂ ಹೊಣೆಗಾರರು. ಅಂಗಡಿಯಲ್ಲಿಯೇ ಸ್ಪ್ರಿಂಗ್ ಕತ್ತರಿಸಿ ಕೊಡುವವರು ಈ ಕಲಮನ್ನು ಎರಡು ಬಾರಿ ಓದಬೇಕು.

ತೆರಿಗೆಯಲ್ಲಿ ವರ್ಗೀಕರಣದ ಸೂಕ್ಷ್ಮವೊಂದಿದೆ. ಶಾಕ್ ಅಬ್ಸಾರ್ಬರ್ 8708ರಡಿ ಬರುತ್ತದೆ. ಬಿಡಿಯಾಗಿ ಮಾರುವ ಉಕ್ಕಿನ ಸ್ಪ್ರಿಂಗ್, ಕಾರಿನದೇ ಆಗಿದ್ದರೂ, 7320ರಡಿ. 8708ರ ಮೇಲಿದ್ದ ಶೇ. 28ರ ಜಿ.ಎಸ್.ಟಿ. 22-9-2025ರಿಂದ ಶೇ. 18ಕ್ಕೆ ಇಳಿದ ಕಾರಣ ದರದ ವ್ಯಾಜ್ಯ ಉಳಿದಿಲ್ಲ. ಆದರೆ ಸರಿಯಾದ ಸಂಕೇತ ನಮೂದಿಸುವ ಹೊಣೆ ಉಳಿದಿದೆ. ಹಿಂದಿನ ವರ್ಷದ ವಹಿವಾಟು ₹5 ಕೋಟಿ ಮೀರಿದವರು ಆರು ಅಂಕಿಗಳನ್ನು, ಅಂದರೆ ಶಾಕ್ ಅಬ್ಸಾರ್ಬರ್‌ಗೆ 870880 ಎಂದು, ಬರೆಯಬೇಕು. ಬಿಲ್ಲಿನಲ್ಲಿ "ಸಸ್ಪೆನ್ಶನ್ ಸಾಮಾನು" ಎಂದಷ್ಟೇ ಗೀಚದೆ ತಯಾರಕರ ಹೆಸರು, ಭಾಗದ ಸಂಖ್ಯೆ, ಕಾರಿನ ಮಾದರಿ, ಜೋಡಣೆ ಯಾರದು ಎಂಬಿಷ್ಟನ್ನೂ ಬರೆದು, ಪ್ರತಿಯ ಮೇಲೆ ಗಿರಾಕಿಯ ಸಹಿ ಪಡೆದು ಕಡತದಲ್ಲಿಡಬೇಕು.