ಒಡಲು ತೆರೆದ ‘ಮಾರುತ’: ಹಳೆಯ ಸಮರ ವಿಮಾನವೊಂದರ ಛೇದ ಮಾದರಿಯ ರಚನೆ

ಪುಣೆ ನಗರದ ದಕ್ಷಿಣದಂಚಿನ ಕಾತ್ರಜದ ಕೆರೆಯಿಂದ ಶನಿವಾರವಾಡೆಯವರೆಗೆ, ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಪೇಶ್ವೆ ನಾನಾಸಾಹೇಬರು ಕಟ್ಟಿಸಿದ ನೆಲದಡಿಯ ನೀರುಗಾಲುವೆಯೊಂದಿದೆ. ಅದರ ಮೇಲೆ ಇಂದು ರಸ್ತೆಗಳೂ ಮನೆಗಳೂ ಎದ್ದಿವೆ. ದಾರಿಹೋಕನಿಗೆ ಕಾಲಡಿಯಲ್ಲಿ ಅಂಥದೊಂದು ರಚನೆ ಇದೆಯೆಂಬ ಸುಳಿವೂ ಸಿಗದು. ಆದರೆ ನೆಲವನ್ನು ಉದ್ದಕ್ಕೆ ಸೀಳಿದಂತೆ ಭಾವಿಸಿ ಒಂದು ಚಿತ್ರ ಬರೆದರೆ, ಕಾಲುವೆ, ನೀರು ತಿಳಿಯಾಗಲೆಂದು ನಡುನಡುವೆ ಇರಿಸಿದ ತೊಟ್ಟಿಗಳು, ಕೆರೆಯಿಂದ ನಗರದ ಕಡೆಗಿರುವ ಇಳಿಜಾರು, ಎಲ್ಲವೂ ಒಮ್ಮೆಗೇ ಅರ್ಥವಾಗುತ್ತವೆ. ಇಂಥ ಚಿತ್ರಕ್ಕೆ ಛೇದಚಿತ್ರವೆಂದು ಹೆಸರು. ಅದನ್ನೇ ಮೂರು ಆಯಾಮಗಳಲ್ಲಿ, ಗೊತ್ತಾದ ಪ್ರಮಾಣಕ್ಕೆ ಇಳಿಸಿ ಕಟ್ಟಿದರೆ ಅದು ಛೇದ ಮಾದರಿ.

ಯಂತ್ರಗಳ ಪೈಕಿ ಈ ಬಗೆಯ ನಿರೂಪಣೆಯನ್ನು ಅತಿಯಾಗಿ ಬೇಡುವುದು ವಿಮಾನ. ಏಕೆಂದರೆ ಅದರ ಹೊರಮೈ ನಯವಾಗಿದ್ದಷ್ಟೂ ಒಳಗಿನದೆಲ್ಲ ಮರೆಯಾಗಿರುತ್ತದೆ. ಪುಣೆಯ ಕಮಲಾ ನೆಹರೂ ಉದ್ಯಾನದಲ್ಲಿ ಪ್ರದರ್ಶನಕ್ಕೆ ಇರಿಸಿದ ಎಚ್.ಎಫ್.-24 ‘ಮಾರುತ’ ವಿಮಾನವನ್ನು ನೋಡುತ್ತ ಬೆಳೆದ ಮಕ್ಕಳು ಅನೇಕರಿದ್ದಾರೆ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಆವರಣದಲ್ಲೂ, ಎಚ್.ಎ.ಎಲ್. ಸಂಸ್ಥೆಯ ಪರಂಪರೆ ಕೇಂದ್ರದಲ್ಲೂ, ದೂರದ ಜರ್ಮನಿಯ ಮ್ಯೂನಿಕ್ ಬಳಿಯ ಶ್ಲೈಸ್‌ಹೈಮ್‌ನಲ್ಲೂ ಇದೇ ವಿಮಾನವನ್ನು ಕಾಣಬಹುದು. ಆದರೆ ನೋಡುವವನ ಕಣ್ಣಿಗೆ ಬೀಳುವುದು ಬಣ್ಣ ಬಳಿದ ತಗಡು ಮಾತ್ರ. ಭಾರತದಲ್ಲಿ ವಿನ್ಯಾಸಗೊಂಡ ಮೊಟ್ಟಮೊದಲ ಜೆಟ್ ಸಮರ ವಿಮಾನದ ಹೆಗ್ಗಳಿಕೆಯೂ ಅದರ ಕೊರತೆಯೂ ಆ ತಗಡಿನ ಒಳಗೇ ಇವೆ. ಉಳಿದಿರುವ ಕೆಲವೇ ವಿಮಾನಗಳಲ್ಲಿ ಒಂದನ್ನು ಗರಗಸದಿಂದ ಸೀಳಿ ತೋರಿಸುವುದು ಎಂದಿಗೂ ಸಲ್ಲದು. ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗದು. ಆ ಕೆಲಸವನ್ನು ಮಾದರಿಯು ಯಾವ ಹಾನಿಯೂ ಇಲ್ಲದೆ ಮಾಡಬಲ್ಲುದು.

ಮಾದರಿಗೆ ಕೈಹಚ್ಚುವ ಮುನ್ನ ವಿಮಾನದ ಚರಿತ್ರೆಯನ್ನು ಅರಿಯುವುದು ಅವಶ್ಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫೋಕ್-ವುಲ್ಫ್ 190 ವಿಮಾನವನ್ನು ರೂಪಿಸಿದ್ದ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್, ಅರ್ಜೆಂಟೀನಾದಲ್ಲಿ ಕೆಲವು ವರ್ಷ ಕೆಲಸ ಮಾಡಿ, 1956ರಲ್ಲಿ ಬೆಂಗಳೂರಿಗೆ ಬಂದರು. ಅವರ ನೇತೃತ್ವದಲ್ಲಿ ಭಾರತೀಯ ಎಂಜಿನಿಯರುಗಳು ದುಡಿದರು. ಮೊದಲು ಸಿದ್ಧವಾದದ್ದು ಎಂಜಿನ್ ಇಲ್ಲದ, ನಿಜಗಾತ್ರದ ಮರದ ಗ್ಲೈಡರ್. ಡಕೋಟ ವಿಮಾನವು ಎಳೆದೊಯ್ದು ಬಿಟ್ಟ ಈ ಗ್ಲೈಡರ್ 1959ರ ಏಪ್ರಿಲ್‌ನಿಂದ ಹಾರಾಡಿ ವಿನ್ಯಾಸದ ಗುಣದೋಷಗಳನ್ನು ತಿಳಿಸಿಕೊಟ್ಟಿತು. ಅಂದರೆ ಮಾರುತದ ಕಥೆ ಆರಂಭವಾಗುವುದೇ ಒಂದು ಮಾದರಿಯಿಂದ. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಬೆಂಗಳೂರಿನಲ್ಲಿ ಮೊದಲ ಮೂಲರೂಪವನ್ನು ಹಾರಿಸಿದರು. ಎರಡು ಆಸನಗಳ ತರಬೇತಿ ವಿಮಾನಗಳೂ ಸೇರಿ ಒಟ್ಟು 147 ವಿಮಾನಗಳು ತಯಾರಾದವು. 1967ರ ಏಪ್ರಿಲ್‌ನಲ್ಲಿ ವಾಯುಪಡೆಯ 10ನೆಯ ಸ್ಕ್ವಾಡ್ರನ್ ಇವನ್ನು ಪಡೆಯಿತು. 220 ಮತ್ತು 31ನೆಯ ಸ್ಕ್ವಾಡ್ರನ್‌ಗಳು ಅದನ್ನು ಅನುಸರಿಸಿದವು. 1990ರ ಹೊತ್ತಿಗೆ ಮಾರುತ ಸೇವೆಯಿಂದ ನಿವೃತ್ತವಾಯಿತು.

ಈಗ ಪ್ರಮಾಣದ ವಿಚಾರ. ಮಾರುತದ ಉದ್ದ 15.87 ಮೀಟರು, ರೆಕ್ಕೆಗಳ ತುದಿಯಿಂದ ತುದಿಗೆ 9 ಮೀಟರು, ಎತ್ತರ 3.60 ಮೀಟರು. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 72ರಲ್ಲೊಂದು ಪ್ರಮಾಣವನ್ನು ಆರಿಸಿದರೆ ಮಾದರಿಯ ಉದ್ದ 22 ಸೆಂಟಿಮೀಟರಷ್ಟೇ ಆಗುತ್ತದೆ. ಹೊರರೂಪಕ್ಕೆ ಇದು ಸಾಕು. ಆದರೆ ಸುಮಾರು 82 ಸೆಂಟಿಮೀಟರು ವ್ಯಾಸದ ಎಂಜಿನ್ ಅಲ್ಲಿ 11 ಮಿಲಿಮೀಟರಿಗೆ ಕುಗ್ಗುತ್ತದೆ. ಅದರೊಳಗೆ ಏನನ್ನೂ ತೋರಿಸಲಾಗದು. ಆದಕಾರಣ 24ರಲ್ಲೊಂದು ಪ್ರಮಾಣ ಲೇಸು. ಆಗ ಮಾದರಿಯ ಉದ್ದ 66 ಸೆಂಟಿಮೀಟರು, ಅಗಲ ಮೂವತ್ತೇಳೂವರೆ ಸೆಂಟಿಮೀಟರು, ಎತ್ತರ 15 ಸೆಂಟಿಮೀಟರು. ಶಾಲೆಯ ಮೇಜಿನ ಮೇಲೆ ನೆಮ್ಮದಿಯಾಗಿ ಕೂರುವ ಗಾತ್ರವಿದು.

ಛೇದ ಮಾದರಿಯು ಸಾಮಾನ್ಯ ಮಾದರಿಗಿಂತ ಭಿನ್ನವಾಗುವುದು ಕಟ್ಟುವ ಕ್ರಮದಲ್ಲಿ. ಸಾಮಾನ್ಯ ಮಾದರಿಯಲ್ಲಿ ಹೊರಮೈಯೇ ಎಲ್ಲವನ್ನೂ ಹೊರುತ್ತದೆ. ಇಲ್ಲಿ ನಿಜವಾದ ವಿಮಾನದಲ್ಲಿರುವಂತೆಯೇ ಅಸ್ಥಿಪಂಜರ ಮೊದಲು, ಅಂಗಾಂಗಗಳು ಆಮೇಲೆ, ಚರ್ಮ ಕಡೆಗೆ. ಮೊದಲು ಒಡಲಿನ ಪಕ್ಕನೋಟವನ್ನೂ ಮೇಲ್ನೋಟವನ್ನೂ ಅಳತೆಗೆ ಸರಿಯಾಗಿ ಬರೆಯಬೇಕು. ಬಳಿಕ ಮೂಗಿನಿಂದ ಬಾಲದವರೆಗೆ ಹಲವು ಕಡೆ ಅಡ್ಡಲಾಗಿ ಸೀಳಿದಂತೆ ಭಾವಿಸಿ, ಪ್ರತಿಯೊಂದು ಸೀಳಿನ ಆಕಾರವನ್ನು ಬೇರೆ ಬೇರೆ ಕಾಗದದ ಮೇಲೆ ಬರೆದುಕೊಳ್ಳಬೇಕು. ಈ ಅಡ್ಡಸೀಳುಗಳೇ ಮುಂದೆ ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸುವ ಚೌಕಟ್ಟುಗಳು. ಅವಸರದಿಂದ ಈ ಹಂತವನ್ನು ಮೊಟಕುಗೊಳಿಸಿದವರು ಅರ್ಧ ಕೆಲಸವಾದ ಮೇಲೆ ಗಾಳಿನಾಳವು ಇಂಧನ ತೊಟ್ಟಿಗೆ ತಾಕುವುದನ್ನು ಕಂಡು ಪೇಚಾಡುವುದುಂಟು.

ಈ ಚಿತ್ರಗಳನ್ನು ಬರೆಯುವಾಗಲೇ ಮಾರುತದ ಒಂದು ವಿಶೇಷ ಗಮನಕ್ಕೆ ಬರುತ್ತದೆ. ರೆಕ್ಕೆಗಳು ಕೂಡುವ ಕಡೆ ಅದರ ಒಡಲು ಸೊಂಟದಂತೆ ಸಣ್ಣದಾಗಿದೆ. ಇದು ಅಂದಕ್ಕಾಗಿ ಮಾಡಿದ್ದಲ್ಲ. ಶಬ್ದದ ವೇಗದ ಆಸುಪಾಸಿನಲ್ಲಿ ವಿಮಾನವು ಎದುರಿಸುವ ಗಾಳಿಯ ಪ್ರತಿರೋಧವು, ಒಡಲು ಮತ್ತು ರೆಕ್ಕೆಗಳು ಸೇರಿದ ಒಟ್ಟು ಅಡ್ಡಸೀಳಿನ ವಿಸ್ತೀರ್ಣ ಎಷ್ಟು ಸಲೀಸಾಗಿ ಬದಲಾಗುತ್ತದೆ ಎಂಬುದನ್ನು ಅವಲಂಬಿಸಿದೆ. ರೆಕ್ಕೆ ಆರಂಭವಾಗುವಲ್ಲಿ ವಿಸ್ತೀರ್ಣ ಹಠಾತ್ತನೆ ಹಿಗ್ಗದಿರಲೆಂದು ಒಡಲನ್ನು ಅಷ್ಟು ತಗ್ಗಿಸುತ್ತಾರೆ. ಆದರೆ ಇದೇ ಜಾಗದಲ್ಲಿ ಎರಡು ಗಾಳಿನಾಳಗಳೂ ಇಂಧನವೂ ರೆಕ್ಕೆಗಳ ಭಾರವನ್ನು ಹೊರುವ ಚೌಕಟ್ಟುಗಳೂ ಇರಬೇಕು. ವಿನ್ಯಾಸಕಾರನಿಗೆ ಒದಗಿದ ಈ ಇಕ್ಕಟ್ಟನ್ನು ಮಾದರಿಕಾರನೂ ತನ್ನ ಚಿಮಟದ ತುದಿಯಲ್ಲಿ ಅನುಭವಿಸುತ್ತಾನೆ.

ಯಾವ ಭಾಗವನ್ನು ತೆರೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ನಿರ್ಧಾರವೇ ಈ ಕಲೆಯ ಮರ್ಮ. ಎಲ್ಲವನ್ನೂ ತೆರೆದರೆ ವಿಮಾನದ ರೂಪವೇ ಅಳಿದು ಬರಿಯ ಕಸದ ರಾಶಿಯಂತೆ ಕಾಣುತ್ತದೆ. ಬಲಗಡೆಯನ್ನು ಪೂರ್ತಿ ಮುಚ್ಚಿ ಬಣ್ಣ ಬಳಿದು, ಎಡಗಡೆಯನ್ನು ಮಾತ್ರ ತೆರೆಯುವುದು ಯುಕ್ತ. ಎಡ ರೆಕ್ಕೆಯ ಮೇಲ್ಮೈಯಲ್ಲಿ ಅರ್ಧದಷ್ಟನ್ನು ತೆಗೆದರೆ ಒಳಗಿನ ತೊಲೆಗಳೂ ಪಕ್ಕೆಲುಬುಗಳೂ ಕಾಣುತ್ತವೆ. ಮೂಗಿನ ಭಾಗದಲ್ಲಿ 30 ಮಿಲಿಮೀಟರಿನ ನಾಲ್ಕು ಏಡನ್ ಫಿರಂಗಿಗಳು ಚಾಲಕನ ಕೋಣೆಯನ್ನು ಸುತ್ತುವರಿದಂತೆ ಇವೆ. ಒಂದೊಂದರ ಉದ್ದ ನಿಜದಲ್ಲಿ ಒಂದೂವರೆ ಮೀಟರಿಗೂ ಮಿಗಿಲು. ಮಾದರಿಯಲ್ಲಿ ಆರೂವರೆ ಸೆಂಟಿಮೀಟರಿನಷ್ಟು. ನಾಲ್ಕೂ ಏಕಕಾಲಕ್ಕೆ ಗುಂಡು ಹಾರಿಸಿದಾಗ ವಿಮಾನದಲ್ಲಿ ಅತಿಯಾದ ಕಂಪನ ಉಂಟಾಗುತ್ತಿತ್ತು. ಚಾಲಕನ ಆಸನದ ಪಕ್ಕದಲ್ಲೇ ಈ ಫಿರಂಗಿಗಳನ್ನು ಕೂರಿಸಿ ನೋಡಿದವನಿಗೆ ಅದರ ಕಾರಣವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚಾಲಕನ ಹಿಂದೆ, ಹೊಟ್ಟೆಯ ಭಾಗದಲ್ಲಿ, 50 ರಾಕೆಟ್‌ಗಳ ಗೂಡು ಇದೆ. ಬೇಕಾದಾಗ ಕೆಳಗಿಳಿದು, ಕೆಲಸ ಮುಗಿದ ಮೇಲೆ ಮತ್ತೆ ಒಳಸೇರುವ ಈ ಗೂಡನ್ನು ಇಳಿದ ಸ್ಥಿತಿಯಲ್ಲಿ ತೋರಿಸಿದರೆ ನೋಡುವವರಿಗೆ ಹೆಚ್ಚು ತಿಳಿಯುತ್ತದೆ.

ಇನ್ನು ಹೃದಯಸ್ಥಾನ. ಒಡಲಿನ ಹಿಂಭಾಗದಲ್ಲಿ ಎರಡು ಆರ್ಫಿಯಸ್ 703 ಜೆಟ್ ಎಂಜಿನ್‌ಗಳು ಒಂದರ ಪಕ್ಕ ಒಂದು ಮಲಗಿವೆ. ಒಂದೊಂದರ ನೂಕುಬಲ ಸುಮಾರು 2,200 ಕಿಲೋಗ್ರಾಂ. ಏಳು ಹಂತಗಳ ಸಂಪೀಡಕ, ಏಳು ಜ್ವಾಲಾನಳಿಗೆಗಳು, ಒಂದೇ ಹಂತದ ಟರ್ಬೈನ್: ಇಷ್ಟು ಸರಳವಾದ ಎಂಜಿನ್ ಛೇದ ಮಾದರಿಗೆ ವರದಾನವೇ ಸರಿ. ಎಡಗಡೆಯ ಎಂಜಿನ್ ಒಂದನ್ನೇ ಸೀಳಿ ತೋರಿಸಿದರೆ ಸಾಕು. ಸಂಪೀಡಕದ ಚಕ್ರಗಳಿಗೆ ತೆಳುವಾದ ಹಾಳೆಯನ್ನು ದುಂಡಗೆ ಕತ್ತರಿಸಿ, ಅಂಚಿನಿಂದ ನಡುವಿನ ಕಡೆಗೆ ಸಣ್ಣ ಸಣ್ಣ ಸೀಳುಗಳನ್ನು ಮಾಡಿ, ಪ್ರತಿಯೊಂದು ಎಸಳನ್ನೂ ಒಂದೇ ದಿಕ್ಕಿಗೆ ತುಸು ತಿರುಚಬೇಕು. ಮುಂದಿನ ಚಕ್ರದ ಎಸಳುಗಳಿಗಿಂತ ಹಿಂದಿನವು ಗಿಡ್ಡವಾಗುತ್ತ ಹೋಗುತ್ತವೆ. ಗಾಳಿ ಒತ್ತಿಕೊಂಡಂತೆಲ್ಲ ಅದಕ್ಕೆ ಬೇಕಾದ ದಾರಿ ಕಿರಿದಾಗುವುದೇ ಇದಕ್ಕೆ ಕಾರಣ. ಜ್ವಾಲಾನಳಿಗೆಗಳನ್ನು ತೆಳುವಾದ ಅಲ್ಯುಮಿನಿಯಂ ಹಾಳೆಯನ್ನು ಸುತ್ತಿ, ಸೂಜಿಯಿಂದ ತೂತು ಚುಚ್ಚಿ ಮಾಡಬಹುದು.

ಎಂಜಿನನ್ನು ಕೂರಿಸುವಾಗ ಮಾರುತದ ದುರಂತವೂ ಕೈಗೆ ತಾಕುತ್ತದೆ. ಟ್ಯಾಂಕ್ ಅವರು ವಿಮಾನವನ್ನು ರೂಪಿಸಿದ್ದು ಈ ಎಂಜಿನ್‌ಗಾಗಿ ಅಲ್ಲ. ಬಾಲದ ನಾಳದಲ್ಲಿ ಮತ್ತೊಮ್ಮೆ ಇಂಧನವನ್ನು ಉರಿಸಿ ನೂಕುಬಲವನ್ನು ಹೆಚ್ಚಿಸುವ ಆರ್ಫಿಯಸ್ 12 ಎಂಬ ಇನ್ನೂ ಬಲಶಾಲಿ ಎಂಜಿನ್‌ಗಾಗಿ. ಬ್ರಿಟನ್ ಅದರ ಅಭಿವೃದ್ಧಿಯನ್ನು ಕೈಬಿಟ್ಟಿತು. ಅದಕ್ಕೆ ಹಣ ತೊಡಗಿಸಲು ಭಾರತವೂ ಮುಂದಾಗಲಿಲ್ಲ. ಶಬ್ದದ ಎರಡು ಪಟ್ಟು ವೇಗಕ್ಕೆಂದು ಕಡೆದ ಒಡಲು ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು. ಬದಲಿ ಎಂಜಿನ್‌ಗಾಗಿ ಹುಡುಕಾಟ ನಿಲ್ಲಲಿಲ್ಲ. 1967ರಲ್ಲಿ ಈಜಿಪ್ಟಿನಲ್ಲಿ ಅಲ್ಲಿಯ ಇ-300 ಎಂಜಿನನ್ನು ಒಂದು ಮಾರುತದಲ್ಲಿ ಅಳವಡಿಸಿ ಹಾರಿಸಲಾಯಿತು. ಕೆಲವೇ ವರ್ಷಗಳಲ್ಲಿ ಆ ಯೋಜನೆಯೂ ಮುಚ್ಚಿತು. ಬೆಂಗಳೂರಿನಲ್ಲೇ ಆರ್ಫಿಯಸ್ 703ಕ್ಕೆ ಮರುದಹನದ ವ್ಯವಸ್ಥೆಯನ್ನು ಜೋಡಿಸುವ ಪ್ರಯೋಗ ನಡೆಯಿತು. ಅಂಥ ಒಂದು ವಿಮಾನದಲ್ಲಿ 1970ರ ಜನವರಿ 10ರಂದು ಮೇಲೇರುವಾಗ ಅಪಘಾತ ಸಂಭವಿಸಿ, ಅದರ ಮೊದಲ ಹಾರಾಟಗಾರರಾದ ಸುರಂಜನ್ ದಾಸ್ ಅವರೇ ಪ್ರಾಣ ತೆತ್ತರು. ಬೆಂಗಳೂರಿನಲ್ಲಿ ಇಂದಿಗೂ ಒಂದು ರಸ್ತೆ ಅವರ ಹೆಸರನ್ನು ಹೊತ್ತಿದೆ. ಮಾರುತವನ್ನು ಸೋತ ವಿಮಾನವೆಂದು ಹಗುರವಾಗಿ ನುಡಿಯುವವರು ಆ ಖಾಲಿ ಬಾಲನಾಳವನ್ನು ಒಮ್ಮೆ ನೋಡಬೇಕು.

ಎರಡು ಎಂಜಿನ್‌ಗಳಿದ್ದುದರ ಪ್ರಯೋಜನ 1971ರ ಯುದ್ಧದಲ್ಲಿ ಕಂಡುಬಂತು. ಪಶ್ಚಿಮ ರಂಗದಲ್ಲಿ ನೆಲದ ಮೇಲಿನ ಗುರಿಗಳ ಮೇಲೆ ದಾಳಿ ಮಾಡುವಾಗ ಗುಂಡೇಟಿಗೆ ಒಂದು ಎಂಜಿನ್ ಕೆಟ್ಟರೂ ಮಾರುತಗಳು ಮತ್ತೊಂದರ ಬಲದಿಂದ ನೆಲೆಗೆ ಹಿಂದಿರುಗಿದ ಪ್ರಸಂಗಗಳಿವೆ. ದ್ರವಚಾಲಿತ ವ್ಯವಸ್ಥೆ ಕೈಕೊಟ್ಟರೆ ಚಾಲಕನು ತನ್ನ ಕೈಬಲದಿಂದಲೇ ವಿಮಾನವನ್ನು ನಡೆಸುವ ಏರ್ಪಾಡೂ ಇತ್ತು. ಆದ್ದರಿಂದ ಚಾಲಕನ ಕೈಗೋಲಿನಿಂದ ಬಾಲದವರೆಗಿನ ಈ ಸಂಪರ್ಕವನ್ನು ತೆಳುವಾದ ತಂತಿಯಿಂದ ಮಾಡಿ, ಬೇರೊಂದು ಬಣ್ಣ ಕೊಟ್ಟು, ಮಾದರಿಯಲ್ಲಿ ಎದ್ದುಕಾಣುವಂತೆ ತೋರಿಸುವುದು ಒಳ್ಳೆಯದು.

ಕೊನೆಗೆ ಚರ್ಮ. ಇಲ್ಲಿಯೇ ಬಹುಪಾಲು ಮಾದರಿಗಳು ಸೋಲುತ್ತವೆ. ಅರ್ಧ ಮಿಲಿಮೀಟರು ದಪ್ಪದ ಪ್ಲಾಸ್ಟಿಕ್ ಹಾಳೆ ಕೈಗೆ ತೆಳುವೆನಿಸುತ್ತದೆ. ಆದರೆ 24ರಿಂದ ಗುಣಿಸಿದರೆ ಅದು ನಿಜದಲ್ಲಿ 12 ಮಿಲಿಮೀಟರು ದಪ್ಪದ ಲೋಹಕ್ಕೆ ಸಮ. ಅಷ್ಟು ದಪ್ಪನೆಯ ಹೊದಿಕೆಯ ವಿಮಾನ ನೆಲ ಬಿಟ್ಟು ಏಳದು! ತೆಳುವಾದ ಹಾಳೆ ಸಿಕ್ಕರೂ ಅದು ಕಟ್ಟಡದ ನಡುವೆ ಕುಸಿಯುತ್ತದೆ. ಇದಕ್ಕೆ ಉಪಾಯವೆಂದರೆ, ಹಾಳೆಯನ್ನು ಸಾಕಷ್ಟು ಗಟ್ಟಿಯಾಗಿಯೇ ಇರಿಸಿ, ಸೀಳಿನ ಅಂಚನ್ನು ಮಾತ್ರ ಒಳಗಡೆಯಿಂದ ಉಜ್ಜುಕಾಗದದಿಂದ ಓರೆಯಾಗಿ ತೇಯುವುದು. ಕಣ್ಣು ಕಾಣುವುದು ಅಂಚನ್ನೇ ಆದುದರಿಂದ ಇಡೀ ಹೊದಿಕೆ ತೆಳುವಾಗಿರುವಂತೆ ತೋರುತ್ತದೆ. ಆ ಅಂಚಿಗೆ ಕೆಂಪು ಬಣ್ಣ ಬಳಿಯುವುದು ವಸ್ತುಸಂಗ್ರಹಾಲಯಗಳಲ್ಲಿ ರೂಢಿಯಲ್ಲಿರುವ ಪದ್ಧತಿ. ಕೆಂಪು ಕಂಡಲ್ಲಿ ‘ಇದು ಮಾದರಿಕಾರ ಕತ್ತರಿಸಿದ್ದು, ವಿಮಾನದ ಸಹಜ ಅಂಚಲ್ಲ’ ಎಂದು ತಿಳಿಯಬೇಕು.

ಅಂಟುಗಳ ಆವಿ ಕೆಟ್ಟದ್ದು. ಕಿಟಕಿ ತೆರೆದ ಕೋಣೆಯಲ್ಲೇ ಕೆಲಸ ಮಾಡಬೇಕು. ಮಕ್ಕಳು ಬ್ಲೇಡು ಹಿಡಿಯುವಾಗ ಹಿರಿಯರು ಜೊತೆಗಿರಬೇಕು. ಉದ್ಯಾನದಲ್ಲೋ ವಸ್ತುಸಂಗ್ರಹಾಲಯದಲ್ಲೋ ವಿಮಾನವನ್ನು ಅಳೆಯುವುದಿದ್ದರೆ ಅಲ್ಲಿನವರ ಅನುಮತಿ ಪಡೆದು, ರೆಕ್ಕೆಯ ಮೇಲೆ ಹತ್ತದೆ, ನೆಲದಲ್ಲಿ ನಿಂತೇ ಅಳೆಯಬೇಕು. ಚಿತ್ರ ತೆಗೆಯುವಾಗ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನು ಇರಿಸಿಕೊಂಡರೆ ಮನೆಗೆ ಬಂದ ಮೇಲೆ ಲೆಕ್ಕ ಸುಲಭ.

ಸಿದ್ಧವಾದ ಮಾದರಿಯನ್ನು ಮರದ ಹಲಗೆಯ ಮೇಲೆ ನಿಲ್ಲಿಸಿ, ಧೂಳು ಕೂರದಂತೆ ಗಾಜಿನ ಪೆಟ್ಟಿಗೆಯಲ್ಲಿ ಇರಿಸಬೇಕು. ತೆರೆದ ಎಡಮಗ್ಗುಲು ನೋಡುವವರ ಕಡೆಗಿರಲಿ. ಹಿಂದೆ ಒಂದು ಕನ್ನಡಿಯಿದ್ದರೆ ಮುಚ್ಚಿದ ಬಲಮಗ್ಗುಲೂ ಕಾಣುತ್ತದೆ. ಹಲಗೆಯ ಮೇಲಿನ ಫಲಕದಲ್ಲಿ ವಿಮಾನದ ಹೆಸರು, ಮಾದರಿಯ ಪ್ರಮಾಣ, ಮೊದಲ ಹಾರಾಟದ ದಿನ, ಭಾಗಗಳ ಅಂಕಿಗಳು ಮತ್ತು ಅವುಗಳ ಕನ್ನಡ ಹೆಸರುಗಳು ಇರಬೇಕು. ಬಾಲನಾಳಕ್ಕೂ ಒಂದು ಅಂಕಿ ಕೊಟ್ಟು, ಅಲ್ಲಿ ಯಾವ ಎಂಜಿನ್ ಬರಬೇಕಾಗಿತ್ತು ಎಂಬುದನ್ನು ಒಂದು ಸಾಲಿನಲ್ಲಿ ನಮೂದಿಸಬೇಕು.